ಒಪ್ಪದವರ ಜೊತೆ ಮಾತಾಡುವುದು ಹೇಗೆ? ಹಂತ ಹಂತವಾಗಿ

ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಕೇಳುವ ರೀತಿ ಮಾತ್ರ ಬೇರೆ ಬೇರೆ. ‘ಅಣ್ಣನ ಹತ್ತಿರ ಈ ವಿಷಯ ಎತ್ತಿದರೆ ಸಾಕು, ಜಗಳ.’ ‘ಮಗಳು ನನ್ನ ಮಾತು ಕೇಳಿಸಿಕೊಳ್ಳುವುದೇ ಇಲ್ಲ.’ ‘ಜೊತೆಯಲ್ಲಿ ಕೆಲಸ ಮಾಡುವವರು ನಾನು ಏನು ಹೇಳಿದರೂ ಅಡ್ಡ ಮಾತಾಡುತ್ತಾರೆ.’ ಎಲ್ಲರಿಗೂ ಬೇಕಾಗಿರುವುದು ಇಷ್ಟೇ: ನಮ್ಮ ಹಾಗೆ ಯೋಚಿಸದವರ ಜೊತೆ ಮಾತಾಡಿದರೆ ಅದರಿಂದ ಏನಾದರೂ ಪ್ರಯೋಜನ ಆಗಬೇಕು. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಎದುರಿನವರನ್ನು ಒಪ್ಪಿಸುವ ಉಪಾಯ ಹುಡುಕಿಕೊಂಡು ಬಂದಿದ್ದರೆ ಅದು ಇಲ್ಲಿ ಸಿಗುವುದಿಲ್ಲ. ನನ್ನ ಅಳತೆಗೋಲು ಬೇರೆ. ಮಾತು ಮುಗಿದ ಮೇಲೆ ನೀವು ಅವರ ಅಭಿಪ್ರಾಯವನ್ನು ಹೇಳಿದರೆ ಅವರು ‘ಹೌದು, ನಾನು ಹೇಳಿದ್ದು ಅದೇ’ ಅನ್ನಬೇಕು. ಅವರು ನಿಮ್ಮದನ್ನು ಹೇಳಿದಾಗ ನಿಮಗೂ ಹಾಗೇ ಅನ್ನಿಸಬೇಕು. ಅಷ್ಟಾದರೆ ಆ ಮಾತು ಫಲ ಕೊಟ್ಟಿತು ಅಂತ ನಾನು ಲೆಕ್ಕ ಹಾಕುತ್ತೇನೆ. ಒಪ್ಪಿಗೆ ಆಮೇಲಿನ ವಿಷಯ. ಬಂದರೆ ಸಂತೋಷ. ಬರದಿದ್ದರೂ ತಾವು ಯಾವುದನ್ನು ಒಪ್ಪುತ್ತಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿರುತ್ತದೆ. ನಾನು ನೋಡಿದ ಹೆಚ್ಚಿನ ಜಗಳಗಳಲ್ಲಿ ಗೊತ್ತಿಲ್ಲದೇ ಇದ್ದದ್ದೇ ಅದು.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ವಯಸ್ಸಾದ ತಾಯಿ ಒಬ್ಬರೇ ಇದ್ದಾರೆ. ‘ಅಮ್ಮನನ್ನು ನಮ್ಮ ಮನೆಗೆ ಕರೆದುಕೊಂಡು ಬರೋಣ’ ಅನ್ನುತ್ತಾನೆ ಅಣ್ಣ. ‘ಬೇಡ, ಅಮ್ಮ ತನ್ನ ಮನೆಯಲ್ಲೇ ಇರಲಿ’ ಅನ್ನುತ್ತಾಳೆ ತಂಗಿ. ಇಬ್ಬರಿಗೂ ಅಮ್ಮ ಅಂದರೆ ಜೀವ. ಆದರೂ ಈಗಾಗಲೇ ಮೂರು ಸಲ ಜಗಳ ಆಗಿದೆ.

ಶುರು ಮಾಡುವ ಮೊದಲು ಏನೇನು ಬೇಕು?

ಸಮಯ ಬೇಕು. ಮುಕ್ಕಾಲು ಗಂಟೆಯಾದರೂ ಇರಲಿ. ಹೊರಡುವ ಅವಸರದಲ್ಲಿ, ಬಾಗಿಲಲ್ಲಿ ನಿಂತು ಎತ್ತಿದ ಮಾತು ಬಾಗಿಲಲ್ಲೇ ಕೆಡುತ್ತದೆ.

ನೋಡುವವರು ಇಲ್ಲದ ಜಾಗ ಬೇಕು. ನಾಲ್ಕು ಜನ ಸುತ್ತ ಇದ್ದರೆ ನಾವು ಎದುರಿನವರ ಜೊತೆ ಮಾತಾಡುವುದಿಲ್ಲ, ಆ ನಾಲ್ಕು ಜನರ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ಮಾತಾಡುತ್ತೇವೆ. ‘ನಾನು ಹೇಳಿದ್ದು ತಪ್ಪಿರಬಹುದು’ ಅನ್ನುವ ಮಾತು ಜನರ ಮುಂದೆ ಬಾಯಿಗೆ ಬರುವುದು ತುಂಬ ಕಷ್ಟ.

ಇಬ್ಬರ ಕೈಯಲ್ಲೂ ಒಂದೊಂದು ಕಾಗದ, ಪೆನ್ನು ಇರಲಿ. ಯಾಕೆ ಅಂತ ಮೂರನೇ ಹಂತದಲ್ಲಿ ಹೇಳುತ್ತೇನೆ.

ಮತ್ತೆ, ಎದುರಿನವರ ಒಪ್ಪಿಗೆ ಬೇಕು. ‘ಅಣ್ಣ, ಅಮ್ಮನ ವಿಷಯ ನಾಳೆ ಸಂಜೆ ಕೂತು ಮಾತಾಡೋಣವಾ?’ ಅಂತ ಮೊದಲೇ ಕೇಳಿ. ನೀವು ಒಂದು ವಾರ ಯೋಚಿಸಿ, ತಯಾರಾಗಿ, ಏನೂ ಗೊತ್ತಿಲ್ಲದ ಅವರ ಮೇಲೆ ಇದ್ದಕ್ಕಿದ್ದ ಹಾಗೆ ಎರಗಿದರೆ ಅವರು ತಮ್ಮನ್ನು ಕಾಪಾಡಿಕೊಳ್ಳಲು ನೋಡುತ್ತಾರೆ. ನಿಮ್ಮ ಮಾತು ಅವರ ಒಳಗೆ ಇಳಿಯುವುದಿಲ್ಲ.

ಎಚ್ಚರಿಕೆ: ಬೆದರಿಕೆ, ಹೊಡೆತ, ಅವಮಾನ ನಡೆಯುತ್ತಿರುವ ಕಡೆ ಈ ಲೇಖನ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಮೊದಲು ನಿಮ್ಮ ರಕ್ಷಣೆ ನೋಡಿಕೊಳ್ಳಿ. ‘ನಾನು ಸರಿಯಾಗಿ ಮಾತಾಡಿದ್ದರೆ ಹೀಗಾಗುತ್ತಿರಲಿಲ್ಲ’ ಅಂತ ನಿಮ್ಮ ಮೇಲೆ ಹಾಕಿಕೊಳ್ಳಬೇಡಿ.

ಹಂತ 1: ನಿಮಗೆ ಬೇಕಾಗಿರುವುದು ಯಾವ ಬಗೆಯ ಮಾತು?

‘ವಿತಂಡವಾದ ಮಾಡಬೇಡ’ ಅಂತ ನಾವು ದಿನಾ ಹೇಳುತ್ತೇವೆ, ಅಲ್ವಾ? ಆ ಪದ ನ್ಯಾಯಶಾಸ್ತ್ರದ್ದು. ನ್ಯಾಯಶಾಸ್ತ್ರ ಅಂದರೆ ಸರಿಯಾಗಿ ತರ್ಕ ಮಾಡುವುದು ಹೇಗೆ ಅಂತ ಹೇಳುವ ಹಳೆಯ ಶಾಸ್ತ್ರ. ಅದರ ಮೂಲಗ್ರಂಥವಾದ ಗೌತಮ ಮುನಿಯ ನ್ಯಾಯಸೂತ್ರಗಳು ಚರ್ಚೆಯನ್ನು ಮೂರು ಬಗೆ ಮಾಡುತ್ತವೆ. ನಿಜ ಏನು ಅಂತ ತಿಳಿಯಲು ಇಬ್ಬರೂ ಸೇರಿ ನಡೆಸುವುದು ವಾದ. ಹೇಗಾದರೂ ಸರಿ, ಗೆಲ್ಲಲೇಬೇಕು ಅಂತ ನಡೆಸುವುದು ಜಲ್ಪ. ತನ್ನದು ಅಂತ ಯಾವ ಅಭಿಪ್ರಾಯವನ್ನೂ ಇಡದೆ, ಎದುರಿನವರು ಹೇಳಿದ್ದನ್ನೆಲ್ಲ ಸುಮ್ನೆ ಕೆಡವುತ್ತಾ ಹೋಗುವುದು ವಿತಂಡ. ಗಮನಿಸಿ, ‘ವಾದ’ ಅನ್ನುವ ಪದಕ್ಕೆ ಅಲ್ಲಿ ಒಳ್ಳೆಯ ಅರ್ಥವೇ ಇದೆ. ಇವತ್ತು ನಾವು ವಾದ ಅಂತ ಕರೆಯುವುದರಲ್ಲಿ ಬಹುಪಾಲು ಜಲ್ಪ.

ಕೂರುವ ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ‘ಏನು ಗೊತ್ತಾದರೆ ನನ್ನ ಅಭಿಪ್ರಾಯ ಬದಲಾಗಬಹುದು?’ ಉತ್ತರವನ್ನು ಕಾಗದದ ಮೇಲೆ ಬರೆಯಿರಿ. ತಂಗಿ ಹೀಗೆ ಬರೆಯಬಹುದು: ‘ಅಮ್ಮ ರಾತ್ರಿ ಒಬ್ಬಳೇ ಇರಲು ಹೆದರುತ್ತಿದ್ದಾಳೆ ಅಂತ ಗೊತ್ತಾದರೆ.’ ಇಷ್ಟು ಬರೆಯಲು ಆದರೆ ನೀವು ವಾದಕ್ಕೆ ಸಿದ್ಧ. ‘ಏನೇ ಗೊತ್ತಾದರೂ ನಾನು ಬದಲಾಗುವುದಿಲ್ಲ’ ಅನ್ನಿಸಿದರೆ ಇವತ್ತು ಕೂರಬೇಡಿ. ನಿಮ್ಮ ಮನಸ್ಸು ಜಲ್ಪಕ್ಕೆ ಹೊರಟಿದೆ. ಎರಡು ದಿನ ಬಿಟ್ಟು ಇದೇ ಪ್ರಶ್ನೆಯನ್ನು ಮತ್ತೆ ಕೇಳಿಕೊಳ್ಳಿ.

ಹಂತ 2: ಒಂದೇ ಪ್ರಶ್ನೆ ಇಟ್ಟುಕೊಳ್ಳಿ

ಮಾತಾಡಬೇಕಾದ ಪ್ರಶ್ನೆಯನ್ನು ಇಬ್ಬರೂ ಸೇರಿ ಒಂದು ಸಾಲಿನಲ್ಲಿ ಬರೆಯಿರಿ. ‘ಮುಂದಿನ ಆರು ತಿಂಗಳು ಅಮ್ಮ ಎಲ್ಲಿರಬೇಕು?’ ಅಷ್ಟೇ. ‘ನೀನು ಯಾವಾಗಲೂ ಹೀಗೇ’, ‘ಅಪ್ಪ ಇದ್ದಾಗಲೂ ನೀನು ಬರಲಿಲ್ಲ’, ಇವೆಲ್ಲ ಬೇರೆ ಪ್ರಶ್ನೆಗಳು. ಅವೂ ಮುಖ್ಯ ಇರಬಹುದು. ಬಂದಾಗ ಕಾಗದದ ಕೆಳಗೆ ಗುರುತು ಹಾಕಿಕೊಂಡು ‘ಇದನ್ನು ಇನ್ನೊಂದು ದಿನ ಮಾತಾಡೋಣ’ ಅನ್ನಿ. ಆಮೇಲೆ ನಿಜವಾಗಿಯೂ ಇನ್ನೊಂದು ದಿನ ಮಾತಾಡಿ. ಇಲ್ಲದಿದ್ದರೆ ಮುಂದಿನ ಸಲ ಆ ಮಾತನ್ನು ಯಾರೂ ನಂಬುವುದಿಲ್ಲ.

ಹಂತ 3: ಉತ್ತರ ತಯಾರು ಮಾಡುವುದನ್ನು ನಿಲ್ಲಿಸಿ

‘ಸರಿಯಾಗಿ ಕೇಳಿಸಿಕೊಳ್ಳಿ’ ಅಂತ ಹೇಳುವುದು ಸುಲಭ. ಅದು ಯಾಕೆ ಕಷ್ಟ ಅಂತ ಗೊತ್ತಾದರೆ ಮಾಡುವುದೂ ಸ್ವಲ್ಪ ಸುಲಭ ಆಗುತ್ತದೆ.

2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 10 ಭಾಷೆಗಳ ಮಾತುಕತೆಯನ್ನು ಅಳೆದು ನೋಡಿದ್ದರು. ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ನಡುವಿನ ಬಿಡುವು ಸರಾಸರಿ ಸುಮಾರು 200 ಮಿಲಿಸೆಕೆಂಡ್. ಅಂದರೆ ಒಂದು ಸೆಕೆಂಡನ್ನು ಐದು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಆದರೆ ಒಂದೇ ಒಂದು ಪದವನ್ನು ಮನಸ್ಸಿನಲ್ಲಿ ಹುಡುಕಿ ಬಾಯಿಗೆ ತರಲು 600 ಮಿಲಿಸೆಕೆಂಡಾದರೂ ಬೇಕಾಗುತ್ತದೆ. ಲೆಕ್ಕ ಹೇಗೆ ಕೂಡುತ್ತದೆ? ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ನಾವು ಉತ್ತರ ಕಟ್ಟಲು ಶುರು ಮಾಡಿರುತ್ತೇವೆ. ಇದು ಕೆಟ್ಟ ಗುಣ ಅಲ್ಲ, ಮಾತಿನ ಸಹಜ ವೇಗವೇ ಹಾಗಿದೆ. ದಿನನಿತ್ಯದ ಮಾತಿಗೆ ಅದು ಸಾಕು ಕೂಡ. ಅಭಿಪ್ರಾಯ ಬೇರೆ ಇದ್ದಾಗ ಮಾತ್ರ ತೊಂದರೆ. ಅವರ ವಾಕ್ಯದ ಕೊನೆಯ ಅರ್ಧದಲ್ಲಿ ಏನಿತ್ತು ಅನ್ನುವುದು ನಮ್ಮ ಕಿವಿಗೆ ಬಿದ್ದಿರುವುದೇ ಇಲ್ಲ.

ಹಾಗಾಗಿ ಬೇಕಂತಲೇ ವೇಗ ಇಳಿಸಬೇಕು. ಎರಡು ಕೆಲಸ ಮಾಡಿ.

ಒಂದು, ಅವರು ನಿಲ್ಲಿಸಿದ ಮೇಲೆ ಮನಸ್ಸಿನಲ್ಲೇ ಮೂರರವರೆಗೆ ಎಣಿಸಿ. ಆ ಮೌನ ಮೊದಲು ಮುಜುಗರ ಅನ್ನಿಸುತ್ತದೆ. ಎಷ್ಟೋ ಸಲ ಅವರು ಆ ಮೌನದಲ್ಲೇ ಇನ್ನೊಂದು ಮಾತು ಸೇರಿಸುತ್ತಾರೆ. ಹೇಳಬೇಕೋ ಬೇಡವೋ ಅಂತ ಅನುಮಾನ ಇದ್ದ ಮಾತು ಅದು. ಅಸಲು ವಿಷಯ ಅಲ್ಲೇ ಇರುತ್ತದೆ.

ಎರಡು, ನಡುವೆ ‘ಇದಕ್ಕೆ ಹೀಗೆ ಹೇಳಬೇಕು’ ಅಂತ ಏನಾದರೂ ಹೊಳೆದರೆ ಕಾಗದದ ಮೇಲೆ ಒಂದೇ ಪದ ಬರೆದಿಡಿ. ‘ಔಷಧಿ’ ಅಂತಲೋ ‘ಕಳೆದ ವರ್ಷ’ ಅಂತಲೋ. ಮರೆತುಹೋಗುತ್ತದೆ ಅನ್ನುವ ಚಿಂತೆ ಕಾಗದಕ್ಕೆ ಹೋಯಿತು. ಈಗ ತಲೆ ಖಾಲಿ ಇದೆ, ಕೇಳಿಸಿಕೊಳ್ಳಬಹುದು.

ಇಲ್ಲಿ ಜಾಸ್ತಿ ಜನ ಎಡವುವುದು ಪೂರ್ತಿ ಬರೆಯಲು ಹೋಗಿ. ಎದುರಿನವರು ಮಾತಾಡುತ್ತಿರುವಾಗ ನೀವು ತಲೆ ತಗ್ಗಿಸಿ ಉದ್ದುದ್ದ ಬರೆಯುತ್ತಿದ್ದರೆ ಅದು ವಿಚಾರಣೆ ನಡೆದ ಹಾಗೆ ಕಾಣುತ್ತದೆ. ಒಂದು ಪದ ಸಾಕು.

ಹಂತ 4: ಅವರ ಮಾತನ್ನು ಅವರಿಗೇ ಒಪ್ಪಿಸಿ

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ. ಉಳಿದದ್ದೆಲ್ಲ ಮರೆತರೂ ಇದೊಂದನ್ನು ಇಟ್ಟುಕೊಳ್ಳಿ.

ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಒಂದು ಸರಳ ನಿಯಮ ಹೇಳಿದ್ದರು. ಜಗಳ ಬಿಸಿಯಾದಾಗ ಎಲ್ಲರೂ ಒಂದು ಕ್ಷಣ ನಿಲ್ಲಿಸಿ. ಇನ್ನು ಮುಂದೆ ಯಾರೇ ಮಾತಾಡಬೇಕಾದರೂ ಮೊದಲು ಹಿಂದಿನವರು ಹೇಳಿದ ವಿಚಾರವನ್ನೂ ಅದರ ಹಿಂದಿನ ಭಾವನೆಯನ್ನೂ ಅವರಿಗೆ ಸಮಾಧಾನ ಆಗುವ ಹಾಗೆ ಹೇಳಬೇಕು. ಆಮೇಲೆ ತಮ್ಮದು. ಕೇಳಲು ಇಷ್ಟೇ. ಮಾಡಿ ನೋಡಿದರೆ ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷ ಅನ್ನುವ ಕ್ರಮ ಇತ್ತು. ಪೂರ್ವಪಕ್ಷ ಅಂದರೆ ತನ್ನ ಸಿದ್ಧಾಂತ ಹೇಳುವ ಮೊದಲು ಎದುರಾಳಿಯ ವಾದವನ್ನು ಎತ್ತಿ ಇಡುವುದು. ಅದನ್ನು ದುರ್ಬಲವಾಗಿ ಇಟ್ಟು ಖಂಡಿಸಿದರೆ ಏನೂ ಸಾಧಿಸಿದ ಹಾಗಾಗುವುದಿಲ್ಲ. ಸಂಭಾಷಣೆಯಲ್ಲೂ ಅಷ್ಟೇ.

ತಂಗಿ ಹೀಗೆ ಹೇಳಬಹುದು: ‘ಅಣ್ಣ, ನಾನು ಸರಿಯಾಗಿ ಕೇಳಿಸಿಕೊಂಡಿದ್ದೀನಾ ನೋಡು. ಅಮ್ಮ ಸ್ನಾನದ ಮನೆಯಲ್ಲಿ ಬಿದ್ದರೆ ಯಾರಿಗೂ ಗೊತ್ತಾಗಲ್ಲ ಅಂತ ನಿನಗೆ ಭಯ. ಫೋನ್ ಎತ್ತದಿದ್ದ ದಿನ ನಿನಗೆ ಕೆಲಸ ಮಾಡೋಕೆ ಆಗಲ್ಲ. ಅದಕ್ಕೇ ಕಣ್ಣ ಮುಂದೆ ಇರಲಿ ಅಂತೀಯ. ಸರಿನಾ?’ ಅಣ್ಣ ‘ಹೌದು, ಅದೇ’ ಅಂದರೆ ಮುಂದೆ ಹೋಗಿ. ‘ಅಷ್ಟೇ ಅಲ್ಲ’ ಅಂದರೆ ‘ಏನು ಬಿಟ್ಟೆ ಹೇಳು’ ಅಂತ ಕೇಳಿ ಇನ್ನೊಂದು ಸಲ ಪ್ರಯತ್ನಿಸಿ. ಎರಡು ಮೂರು ಸಲ ಬೇಕಾಗುವುದು ಸಹಜ. ಆ ಹೊತ್ತು ದಂಡ ಅಂದುಕೊಳ್ಳಬೇಡಿ.

ಈ ಹಂತ ಕೆಡುವುದು ಸಾಮಾನ್ಯವಾಗಿ ನಾಲ್ಕು ರೀತಿಯಲ್ಲಿ.

ಮೊದಲನೆಯದು ಗಿಳಿಪಾಠ. ಅವರ ಪದಗಳನ್ನೇ ತಿರುಗಿಸಿ ಹೇಳಿದರೆ ಅಣಕಿಸಿದ ಹಾಗೆ ಕೇಳಿಸುತ್ತದೆ. ನಿಮ್ಮ ಮಾತಿನಲ್ಲಿ ಹೇಳಿ.

ಎರಡನೆಯದು ‘ಅಂದ್ರೆ’ ಅಂತ ಶುರು ಮಾಡಿ ಅರ್ಥ ತಿರುಚುವುದು. ‘ಅಂದ್ರೆ ನಾನು ಅಮ್ಮನನ್ನು ನೋಡಿಕೊಳ್ಳಲ್ಲ ಅಂತ ತಾನೆ ನೀನು ಹೇಳೋದು?’ ಅಣ್ಣ ಹಾಗೆ ಹೇಳಿಯೇ ಇಲ್ಲ. ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಛಲ ಅನ್ನುತ್ತಾರೆ. ಇಲ್ಲಿ ಛಲ ಅಂದರೆ ಹಠ ಅಲ್ಲ, ಹೇಳಿದವರ ಮನಸ್ಸಿನಲ್ಲಿ ಇಲ್ಲದ ಅರ್ಥವನ್ನು ಅವರ ಮಾತಿಗೆ ಅಂಟಿಸುವುದು. ಅದಕ್ಕೆ ಕೊಡುವ ಹಳೆಯ ಉದಾಹರಣೆ ಇದು: ಒಬ್ಬ ‘ಇವನದು ನವಕಂಬಲ’ ಅನ್ನುತ್ತಾನೆ, ಅಂದರೆ ಹೊಸ ಕಂಬಳಿ. ‘ಎಲ್ಲಿ ಒಂಬತ್ತು ಕಂಬಳಿ? ಇರುವುದು ಒಂದೇ’ ಅಂತ ಇನ್ನೊಬ್ಬ ಮುಗಿಬೀಳುತ್ತಾನೆ. ನವ ಅಂದರೆ ಒಂಬತ್ತು ಕೂಡ ಹೌದಲ್ಲ. ಪದದ ಮೇಲೆ ಗೆದ್ದ, ವಿಷಯ ಅಲ್ಲೇ ಬಿತ್ತು.

ಮೂರನೆಯದು ‘ಆದರೆ’. ‘ನೀನು ಹೇಳಿದ್ದು ಅರ್ಥ ಆಯ್ತು, ಆದರೆ…’ ಅಂದ ತಕ್ಷಣ ಮೊದಲರ್ಧ ಅಳಿಸಿಹೋಗುತ್ತದೆ. ನಾನೂ ಎಷ್ಟೋ ವರ್ಷ ಹೀಗೇ ಮಾತಾಡುತ್ತಿದ್ದೆ. ನಾನು ಕೇಳಿಸಿಕೊಂಡಿದ್ದೇನೆ ಅಂತ ಯಾರಿಗೂ ಯಾಕೆ ಅನ್ನಿಸುವುದಿಲ್ಲ ಅಂತ ನೋವಾಗುತ್ತಿತ್ತು. ಈಗ ಅವರ ಮಾತು ಹೇಳಿ ಪೂರ್ಣವಿರಾಮ ಹಾಕುತ್ತೇನೆ. ಅವರು ‘ಹೌದು’ ಅಂದ ಮೇಲೆ ಹೊಸ ವಾಕ್ಯದಲ್ಲಿ ನನ್ನದು ಶುರು ಮಾಡುತ್ತೇನೆ.

ನಾಲ್ಕನೆಯದು ಹೆದರಿಕೆ. ಅವರ ಮಾತನ್ನು ಚೆನ್ನಾಗಿ ಹೇಳಿಬಿಟ್ಟರೆ ಒಪ್ಪಿದ ಹಾಗಾಗುತ್ತದಲ್ಲ ಅಂತ ತುಂಬ ಜನ ಕೇಳುತ್ತಾರೆ. ಆಗುವುದಿಲ್ಲ. ಅನುಮಾನ ಇದ್ದರೆ ಬಾಯಿಬಿಟ್ಟು ಹೇಳಿಬಿಡಿ: ‘ನಾನು ಇನ್ನೂ ಒಪ್ಪಿಲ್ಲ. ಮೊದಲು ಅರ್ಥ ಮಾಡಿಕೊಳ್ಳೋಣ ಅಂತ.’

ಸಾಧ್ಯವಾದರೆ ಇನ್ನೂ ಒಂದು ಹೆಜ್ಜೆ ಇಡಿ. ಗಣಿತ, ಮನಃಶಾಸ್ತ್ರ ಎರಡರಲ್ಲೂ ಕೆಲಸ ಮಾಡಿದ ಅನಾಟೋಲ್ ರಾಪೊಪೋರ್ಟ್ ಕೊಟ್ಟ ಸಲಹೆ ಇದು. ಎದುರಿನವರ ಮಾತು ಯಾವ ಪರಿಸ್ಥಿತಿಯಲ್ಲಿ ಸರಿ ಆಗುತ್ತದೆ ಅಂತ ಹುಡುಕಿ ಅವರಿಗೆ ಹೇಳಿ. ‘ಅಮ್ಮನಿಗೆ ಪದೇ ಪದೇ ತಲೆ ಸುತ್ತುತ್ತಿದ್ದರೆ ನೀನು ಹೇಳೋದೇ ಸರಿ.’ ಸುಳ್ಳು ಹೊಗಳಿಕೆ ಬೇಡ. ನಿಮಗೆ ನಿಜ ಅನ್ನಿಸಿದ್ದನ್ನು ಮಾತ್ರ ಹೇಳಿ.

ಹಂತ 5: ‘ಯಾಕೆ’ ಬಿಟ್ಟು ‘ಹೇಗೆ’ ಕೇಳಿ

‘ಯಾಕೆ ಹಾಗಂತೀಯ?’ ಅಂದರೆ ಎಲ್ಲರೂ ಸಮರ್ಥನೆಗೆ ಇಳಿಯುತ್ತಾರೆ. ಕಾರಣಗಳ ಪಟ್ಟಿ ಉದ್ದ ಆಗುತ್ತದೆ, ಅಭಿಪ್ರಾಯ ಇನ್ನಷ್ಟು ಗಟ್ಟಿ ಆಗುತ್ತದೆ. ‘ಅದು ಹೇಗೆ ನಡೆಯುತ್ತೆ, ಒಂದೊಂದಾಗಿ ಹೇಳು’ ಅಂದರೆ ಬೇರೆಯೇ ಆಗುತ್ತದೆ.

2002ರಲ್ಲಿ ಯೇಲ್ ವಿಶ್ವವಿದ್ಯಾಲಯದ ಲಿಯೊನಿಡ್ ರೋಜನ್‌ಬ್ಲಿಟ್ ಮತ್ತು ಫ್ರಾಂಕ್ ಕೀಲ್ ಒಂದು ಅಧ್ಯಯನ ಪ್ರಕಟಿಸಿದರು. ಜಿಪ್, ಬೀಗದಂಥ ವಸ್ತುಗಳು ಹೇಗೆ ಕೆಲಸ ಮಾಡುತ್ತವೆ ಅನ್ನುವುದು ನಿಮಗೆ ಎಷ್ಟು ಗೊತ್ತು ಅಂತ ಜನರನ್ನು ಕೇಳಿದರು. ಚೆನ್ನಾಗಿ ಗೊತ್ತು ಅಂತ ಅಂಕ ಕೊಟ್ಟುಕೊಂಡರು. ಸರಿ, ಹಂತ ಹಂತವಾಗಿ ವಿವರಿಸಿ ಅಂದರು. ವಿವರಿಸಲು ಹೋದ ಮೇಲೆ ಅವರೇ ತಮ್ಮ ಅಂಕ ಇಳಿಸಿಕೊಂಡರು. ನಮಗೆ ಗೊತ್ತಿದೆ ಅನ್ನುವ ಭಾವನೆಗೂ ನಿಜವಾಗಿ ಗೊತ್ತಿರುವುದಕ್ಕೂ ಅಂತರ ಇರುತ್ತದೆ. ವಿವರಿಸುವಾಗ ಅದು ನಮಗೇ ಕಾಣುತ್ತದೆ.

ನಮ್ಮ ಉದಾಹರಣೆಯಲ್ಲಿ: ‘ಅಮ್ಮ ನಿಮ್ಮ ಮನೆಗೆ ಬಂದರೆ ಅವಳ ಒಂದು ದಿನ ಹೇಗಿರುತ್ತೆ? ಬೆಳಗ್ಗೆಯಿಂದ ಹೇಳು.’ ಹಗಲು ಹೊತ್ತು ಎಲ್ಲರೂ ಕೆಲಸಕ್ಕೆ ಹೋದರೆ ಅಲ್ಲೂ ಅಮ್ಮ ಒಬ್ಬಳೇ ಅಂತ ಅಣ್ಣನಿಗೇ ಹೊಳೆಯಬಹುದು. ನೀವು ಹೇಳಿದ್ದರೆ ಅವನು ಒಪ್ಪುತ್ತಿರಲಿಲ್ಲ.

ಈ ಪ್ರಶ್ನೆಯನ್ನು ಮೊದಲು ನಿಮಗೇ ಹಾಕಿಕೊಳ್ಳಿ, ಅದೂ ಎದುರಿನವರಿಗೆ ಕೇಳಿಸುವ ಹಾಗೆ. ‘ಅಮ್ಮ ಅಲ್ಲೇ ಇದ್ದರೆ ರಾತ್ರಿ ಹೇಗೆ ಅಂತ ನಾನು ಪೂರ್ತಿ ಯೋಚಿಸಿಲ್ಲ, ನಿಜ.’ ಅವರನ್ನು ಮಾತ್ರ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾ ಹೋದರೆ ಅದು ಸಿಕ್ಕಿಹಾಕಿಸುವ ಆಟ ಆಗುತ್ತದೆ. ಅವರಿಗೆ ಅದು ಬೇಗ ಗೊತ್ತಾಗುತ್ತದೆ.

ಹಂತ 6: ವ್ಯತ್ಯಾಸ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ

ಭಿನ್ನಾಭಿಪ್ರಾಯ ಒಂದೇ ಜಾತಿಯದಲ್ಲ. ಯಾವುದು ಅಂತ ಗೊತ್ತಾಗದೆ ಮದ್ದು ಗೊತ್ತಾಗುವುದಿಲ್ಲ.

ಕೆಲವು ಸಲ ವ್ಯತ್ಯಾಸ ಪದದಲ್ಲಿ ಇರುತ್ತದೆ. ‘ಅಮ್ಮ ಚೆನ್ನಾಗಿರಬೇಕು’ ಅಂತ ಇಬ್ಬರೂ ಹೇಳುತ್ತಾರೆ. ಅಣ್ಣನಿಗೆ ಚೆನ್ನಾಗಿರುವುದು ಅಂದರೆ ಅಪಾಯ ಇಲ್ಲದಿರುವುದು. ತಂಗಿಗೆ ಅದು ಅಮ್ಮ ತನ್ನ ಇಷ್ಟದ ಹಾಗೆ ಇರುವುದು. ಜಗಳ ಆಗುತ್ತಿರುವ ಪದವನ್ನು ಹಿಡಿದು ‘ನಿನ್ನ ಪ್ರಕಾರ ಇದರ ಅರ್ಥ ಏನು?’ ಅಂತ ಕೇಳಿ. ಅರ್ಧ ಗಂಟೆಯ ಜಗಳ ಇದರಿಂದಲೇ ತಪ್ಪುತ್ತದೆ.

ಕೆಲವು ಸಲ ಸಂಗತಿಯಲ್ಲಿ ಇರುತ್ತದೆ. ಕಳೆದ ವರ್ಷ ಅಮ್ಮ ಎಷ್ಟು ಸಲ ಬಿದ್ದರು? ಇದಕ್ಕೆ ಉತ್ತರ ಇದೆ, ಹುಡುಕಬಹುದು. ಒಬ್ಬರೇ ಹುಡುಕಿ ತಂದು ಇನ್ನೊಬ್ಬರ ಮುಖಕ್ಕೆ ಹಿಡಿಯಬೇಡಿ, ಇಬ್ಬರೂ ಸೇರಿ ನೋಡಿ. ಒಂದೇ ಸಂಗತಿಯನ್ನು ಕಣ್ಣಾರೆ ಕಂಡವರಿಗೂ ಅದು ಬೇರೆ ಬೇರೆಯಾಗಿ ಕಾಣುತ್ತದೆ ಅನ್ನುವುದು ನೆನಪಿರಲಿ. 1951ರಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಒರಟಾದ ಒಂದು ಫುಟ್‌ಬಾಲ್ ಪಂದ್ಯ ನಡೆಯಿತು. ಆಮೇಲೆ ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಅದರ ಒಂದೇ ಫಿಲ್ಮ್ ತೋರಿಸಿ ತಪ್ಪುಗಳನ್ನು ಎಣಿಸಲು ಹೇಳಿದರು. ಡಾರ್ಟ್‌ಮತ್ ಆಟಗಾರರು ಮಾಡಿದ ತಪ್ಪುಗಳು ಅಂತ ಡಾರ್ಟ್‌ಮತ್‌ನವರು ಎಣಿಸಿದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಪ್ರಿನ್ಸ್‌ಟನ್‌ನವರಿಗೆ ಕಂಡವು. ಅವರಲ್ಲಿ ಯಾರೂ ಸುಳ್ಳು ಹೇಳುತ್ತಿದ್ದರು ಅಂತ ತಿಳಿಯಬೇಕಾಗಿಲ್ಲ. ಹಾಗಾಗಿ ‘ಕಣ್ಣಿಗೆ ಕಾಣಲ್ವಾ ನಿನಗೆ?’ ಅನ್ನುವ ಮಾತನ್ನು ಪೂರ್ತಿ ಬಿಟ್ಟುಬಿಡಿ.

ಉಳಿದದ್ದು ಯಾವುದಕ್ಕೆ ಹೆಚ್ಚು ಬೆಲೆ ಕೊಡುತ್ತೇವೆ ಅನ್ನುವ ವ್ಯತ್ಯಾಸ. ಅಪಾಯ ಕಡಿಮೆ ಆಗುವುದು ದೊಡ್ಡದೋ, ಸ್ವಂತ ಮನೆಯಲ್ಲಿ ಇರುವುದು ದೊಡ್ಡದೋ? ಅಂಕಿಅಂಶ ತಂದು ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಇಲ್ಲಿ ಮಾಡಬಹುದಾದದ್ದು ನಿಲುವಿನ ಹಿಂದೆ ಹೋಗಿ ಅಗತ್ಯವನ್ನು ಹುಡುಕುವುದು. ನಿಲುವು ಅಂದರೆ ಬಾಯಿ ಕೇಳುವುದು, ಅಗತ್ಯ ಅಂದರೆ ಅದರ ಹಿಂದೆ ನಿಜವಾಗಿ ಬೇಕಾಗಿರುವುದು. ಸಂಧಾನದ ಕೆಲಸ ಮಾಡುವವರು ಇದಕ್ಕೆ ಸೈನಾಯ್ ಉದಾಹರಣೆ ಕೊಡುತ್ತಾರೆ. 1967ರ ಯುದ್ಧದಲ್ಲಿ ಇಸ್ರೇಲ್ ಈಜಿಪ್ಟಿನ ಸೈನಾಯ್ ಪ್ರದೇಶವನ್ನು ಹಿಡಿದುಕೊಂಡಿತ್ತು. ಪೂರ್ತಿ ವಾಪಸ್ ಕೊಡಿ ಅಂತ ಈಜಿಪ್ಟ್, ಸ್ವಲ್ಪವಾದರೂ ಇಟ್ಟುಕೊಳ್ಳುತ್ತೇವೆ ಅಂತ ಇಸ್ರೇಲ್. ನಕ್ಷೆಯ ಮೇಲೆ ಗೆರೆ ಎಲ್ಲಿ ಎಳೆದರೂ ಒಬ್ಬರು ಒಪ್ಪುತ್ತಿರಲಿಲ್ಲ. ಹಿಂದಿನ ಅಗತ್ಯ ನೋಡಿದರೆ ಈಜಿಪ್ಟಿಗೆ ಬೇಕಾಗಿದ್ದದ್ದು ತನ್ನ ನೆಲದ ಒಡೆತನ, ಇಸ್ರೇಲಿಗೆ ಬೇಕಾಗಿದ್ದದ್ದು ಗಡಿಯಲ್ಲಿ ಟ್ಯಾಂಕುಗಳು ಬಂದು ನಿಲ್ಲಬಾರದು ಅನ್ನುವ ಭದ್ರತೆ. 1978ರಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ 13 ದಿನ ಮಾತುಕತೆ ನಡೆದು, ಸೈನಾಯ್ ಪೂರ್ತಿ ಈಜಿಪ್ಟಿಗೆ ಬರುವುದು, ಅದರ ದೊಡ್ಡ ಭಾಗದಲ್ಲಿ ಸೇನೆಗೆ ಮಿತಿ ಹಾಕುವುದು ಅಂತ ಆಯಿತು.

ಅಣ್ಣನ ಅಗತ್ಯ: ಅಮ್ಮನಿಗೆ ಏನಾದರೂ ಆದರೆ ತಕ್ಷಣ ಗೊತ್ತಾಗಬೇಕು. ತಂಗಿಯ ಅಗತ್ಯ: ಅಮ್ಮ ಯಾರ ಅಪ್ಪಣೆಗೂ ಕಾಯದೆ ಬದುಕಬೇಕು. ಈ ಎರಡೂ ಒಟ್ಟಿಗೆ ಆಗುವ ದಾರಿಗಳು ಇವೆ. ‘ನಮ್ಮ ಮನೆ’, ‘ಅಮ್ಮನ ಮನೆ’ ಅಂತ ಹಿಡಿದುಕೊಂಡು ಕೂತಿದ್ದಾಗ ಅವು ಕಾಣುತ್ತಿರಲಿಲ್ಲ.

ಇಲ್ಲೇ ಇನ್ನೊಂದು ಮಾತು. ಈ ಹಂತಕ್ಕೆ ಬಂದಾಗ ‘ಇಲ್ಲಿ ಯಾರು ಇಲ್ಲ?’ ಅಂತ ಕೇಳಿಕೊಳ್ಳಿ. ಇಷ್ಟು ಹೊತ್ತು ಅಮ್ಮನ ಬಗ್ಗೆ ಮಾತಾಡಿದವರು ಅಮ್ಮನನ್ನು ಕೇಳಿಯೇ ಇಲ್ಲದಿರಬಹುದು. ಆಫೀಸಿನ ಚರ್ಚೆಯಲ್ಲೂ ಇದು ಎಷ್ಟೋ ಸಲ ಆಗುತ್ತದೆ. ತೀರ್ಮಾನದಿಂದ ಯಾರ ಬದುಕು ಬದಲಾಗುತ್ತದೋ ಅವರು ಕೋಣೆಯಲ್ಲೇ ಇರುವುದಿಲ್ಲ.

ಎಚ್ಚರಿಕೆ: ಎಲ್ಲದಕ್ಕೂ ನಡುದಾರಿಯೇ ಉತ್ತರ ಅಲ್ಲ. ಸಂಗತಿ ಒಂದು ಕಡೆ ಸ್ಪಷ್ಟವಾಗಿ ಇದ್ದಾಗ ‘ನಿನ್ನದು ಅರ್ಧ, ನನ್ನದು ಅರ್ಧ’ ಅಂತ ಹಂಚಿಕೊಳ್ಳಬೇಡಿ. ಗೌರವ ಕೊಡಬೇಕಾದದ್ದು ವ್ಯಕ್ತಿಗೆ. ತಪ್ಪು ಲೆಕ್ಕವನ್ನು ತಪ್ಪು ಅಂತ ಮೆತ್ತಗೆ, ಆದರೆ ನೇರವಾಗಿ ಹೇಳಿ.

ಹಂತ 7: ನಿಮ್ಮದನ್ನು ಹೇಳಿ, ಬಂದ ದಾರಿಯ ಸಮೇತ

1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಅನ್ನುವ ವಿದ್ಯಾರ್ಥಿನಿ ಒಂದು ಪ್ರಯೋಗ ಮಾಡಿದರು. ಎಲ್ಲರಿಗೂ ಗೊತ್ತಿರುವ ಹಾಡನ್ನು ಒಬ್ಬರು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಇನ್ನೊಬ್ಬರು ಯಾವ ಹಾಡು ಅಂತ ಹೇಳಬೇಕು. ಅರ್ಧದಷ್ಟು ಸಲ ಸರಿಯಾಗಿ ಹೇಳುತ್ತಾರೆ ಅಂತ ತಟ್ಟಿದವರು ಅಂದುಕೊಂಡಿದ್ದರು. 120 ಸಲ ತಟ್ಟಿದ್ದರಲ್ಲಿ ಸರಿಯಾಗಿದ್ದು 3 ಮಾತ್ರ. ತಟ್ಟುವವರ ತಲೆಯಲ್ಲಿ ಇಡೀ ಹಾಡು ಓಡುತ್ತಿರುತ್ತದೆ. ಕೇಳುವವರಿಗೆ ಬರೀ ಟಕ್ ಟಕ್.

ನಾವು ಅಭಿಪ್ರಾಯ ಹೇಳುವುದೂ ಹೀಗೇ. ‘ಅಮ್ಮ ಅಲ್ಲೇ ಇರಲಿ’ ಅನ್ನುವುದು ಬರೀ ಟಕ್ ಟಕ್. ಅದರ ಹಿಂದಿನ ಹಾಡು ಹೇಳಿ. ‘ಹೋದ ಸಲ ಅಮ್ಮ ನನ್ನ ಜೊತೆ ಒಂದು ತಿಂಗಳು ಇದ್ದಾಗ ಕಿಟಕಿ ಹತ್ತಿರ ಕೂತು ವಾಪಸ್ ಹೋಗುವ ದಿನ ಎಣಿಸುತ್ತಿದ್ದಳು. ಅದನ್ನು ನೋಡಿ ನನಗೆ ತುಂಬ ಸಂಕಟ ಆಯ್ತು.’ ಈಗ ಅಣ್ಣನಿಗೆ ಅದು ಹಠ ಅನ್ನಿಸುವುದಿಲ್ಲ. ಒಪ್ಪದೇ ಇರಬಹುದು, ಎಲ್ಲಿಂದ ಬಂತು ಅಂತ ತಿಳಿಯಿತು.

ಇದಕ್ಕೆ ಆಧಾರ ಇದೆ. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಾಲಾ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ವಯಂಸೇವಕರು ಮಯಾಮಿಯ ಮನೆಮನೆಗೆ ಹೋಗಿ ಟ್ರಾನ್ಸ್‌ಜೆಂಡರ್ ಜನರ ಬಗ್ಗೆ ಸುಮಾರು 10 ನಿಮಿಷ ಮಾತಾಡಿದರು. ಭಾಷಣ ಮಾಡಲಿಲ್ಲ. ಬೇರೆಯವರು ನಿಮ್ಮನ್ನು ಕೀಳಾಗಿ ಕಂಡ ಸಂದರ್ಭ ಇದೆಯಾ ಅಂತ ಕೇಳಿದರು, ಅವರ ಅನುಭವ ಕೇಳಿಸಿಕೊಂಡರು. ಪೂರ್ವಗ್ರಹ ಕಡಿಮೆ ಆಯಿತು, ಮೂರು ತಿಂಗಳ ನಂತರ ನೋಡಿದಾಗಲೂ ಆ ಬದಲಾವಣೆ ಉಳಿದಿತ್ತು.

ಇಲ್ಲಿ ಎಡವುವುದು ಹೇಗೆ ಅಂದರೆ ಒಂದೇ ಸಲಕ್ಕೆ ಹತ್ತು ಕಾರಣ ಕೊಡುವುದು. ಎದುರಿನವರು ಹತ್ತರಲ್ಲಿ ದುರ್ಬಲವಾದದ್ದನ್ನು ಹಿಡಿಯುತ್ತಾರೆ, ಆಮೇಲೆ ಅರ್ಧ ಗಂಟೆ ಅದರ ಮೇಲೆಯೇ. ನಿಮ್ಮ ಮನಸ್ಸಿಗೆ ನಿಜವಾಗಿ ನಾಟಿದ ಒಂದೋ ಎರಡೋ ಹೇಳಿ.

ಹಂತ 8: ಬಿಸಿ ಏರಿದರೆ ಎದ್ದುಬಿಡಿ

ಎದೆ ಜೋರಾಗಿ ಹೊಡೆದುಕೊಳ್ಳುವುದು, ದನಿ ಏರುವುದು, ಒಂದೇ ವಾಕ್ಯವನ್ನು ಮೂರನೇ ಸಲ ಹೇಳುವುದು. ಇವು ಗುರುತುಗಳು. ಆಗ ತಲೆಗೆ ಹೊಸದೇನೂ ಇಳಿಯುವುದಿಲ್ಲ. ದಂಪತಿಗಳ ಜಗಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಇಂಥ ಹೊತ್ತಿನಲ್ಲಿ ಕನಿಷ್ಠ 20 ನಿಮಿಷ ಬಿಡುವು ತೆಗೆದುಕೊಳ್ಳಿ ಅನ್ನುತ್ತಾರೆ. ದೇಹ ತಣ್ಣಗಾಗಲು ಅಷ್ಟು ಬೇಕು.

ಎದ್ದು ಹೋಗುವಾಗ ವಾಪಸ್ ಬರುವ ಹೊತ್ತು ಹೇಳಿ. ‘ಅರ್ಧ ಗಂಟೆ ಬಿಟ್ಟು ಬರ್ತೀನಿ, ಮುಂದುವರಿಸೋಣ.’ ಹೊತ್ತು ಹೇಳದೆ ಹೋದರೆ ಬಿಟ್ಟು ಹೋದರು ಅನ್ನಿಸುತ್ತದೆ. ಆ ಅರ್ಧ ಗಂಟೆಯಲ್ಲಿ ಮುಂದಿನ ಏಟಿನ ಮಾತುಗಳನ್ನು ಜೋಡಿಸಿಕೊಳ್ಳಬೇಡಿ. ನಡೆಯಿರಿ, ನೀರು ಕುಡಿಯಿರಿ, ಕೈಗೆ ಬೇರೆ ಕೆಲಸ ಕೊಡಿ.

ಹಂತ 9: ಬರೆದು ಮುಗಿಸಿ

ಕಾಗದದ ಮೇಲೆ ನಾಲ್ಕು ಸಾಲು ಸಾಕು. ಯಾವುದು ಒಪ್ಪಿದೆವು. ಯಾವುದು ಒಪ್ಪಲಿಲ್ಲ. ಏನನ್ನು ತಿಳಿದುಕೊಂಡು ಬರಬೇಕು, ಯಾರು. ಮತ್ತೆ ಯಾವಾಗ ಕೂರುವುದು. ಒಪ್ಪದೇ ಇದ್ದದ್ದನ್ನು ಬರೆಯಲು ಸಂಕೋಚ ಬೇಡ. ಬರೆಯದಿದ್ದರೆ ಒಬ್ಬರು ‘ಅವತ್ತೇ ಒಪ್ಪಿದ್ದೆಯಲ್ಲ’ ಅನ್ನುತ್ತಾರೆ, ಅಲ್ಲಿಂದ ಹೊಸ ಜಗಳ.

ಇನ್ನು ಕೆಲವು ಪ್ರಶ್ನೆಗಳು

*ಮೆಸೇಜಿನಲ್ಲೇ ಮಾತಾಡಿದರೆ ಆಗಲ್ವಾ?* ಕೂರುವ ಹೊತ್ತು ಗೊತ್ತು ಮಾಡಲು ಸರಿ. ವಿಷಯಕ್ಕೆ ಬೇಡ. ಬರಹದಲ್ಲಿ ದನಿ ಇರುವುದಿಲ್ಲ. ನಾವು ಬರೆಯುವಾಗ ನಮ್ಮ ಕಿವಿಗೆ ನಮ್ಮ ದನಿ ಕೇಳುತ್ತಿರುತ್ತದೆ, ಓದುವವರಿಗೆ ಕೇಳುವುದಿಲ್ಲ. ದೂರದಲ್ಲಿದ್ದರೆ ಫೋನ್ ಮಾಡಿ.

*ನಾನೊಬ್ಬನೇ ಇದನ್ನೆಲ್ಲ ಮಾಡಿದರೆ ಸಾಕಾ?* ಶುರು ಮಾಡಲು ಸಾಕು. ಅವರ ಮಾತನ್ನು ನೀವು ಸರಿಯಾಗಿ ಹೇಳಿದ ಮೇಲೆ ‘ಈಗ ನಾನು ಹೇಳಿದ್ದು ನಿನಗೆ ಹೇಗೆ ಕೇಳಿಸಿತು, ಹೇಳು’ ಅಂತ ಕೇಳಬಹುದು. ತನ್ನ ಮಾತು ತಲುಪಿದೆ ಅಂತ ಗೊತ್ತಾದವರು ಇದಕ್ಕೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ.

*ಅವರು ವಿತಂಡ ಮಾಡುತ್ತಿದ್ದಾರೆ ಅಂತ ಗೊತ್ತಾಗುವುದು ಹೇಗೆ?* ‘ಹಾಗಾದರೆ ಏನು ಮಾಡೋಣ ಅಂತೀಯ?’ ಅಂತ ಎರಡು ಸಲ ಕೇಳಿ. ಎರಡೂ ಸಲ ಉತ್ತರ ಬರದೆ ನಿಮ್ಮ ಮಾತಿನ ಮೇಲೆ ಹೊಸ ಆಕ್ಷೇಪ ಬಂದರೆ ಅಲ್ಲಿಗೆ ನಿಲ್ಲಿಸಬಹುದು. ‘ನಿನ್ನ ಅಭಿಪ್ರಾಯ ಏನು ಅಂತ ಸ್ಪಷ್ಟ ಆದಾಗ ಮತ್ತೆ ಕೂರೋಣ’ ಅನ್ನಿ. ಇದನ್ನು ಕೋಪದಲ್ಲಿ ಹೇಳಬೇಡಿ. ಕೆಲವರಿಗೆ ತಮ್ಮ ಅಭಿಪ್ರಾಯ ತಮಗೇ ಇನ್ನೂ ಗೊತ್ತಾಗಿರುವುದಿಲ್ಲ, ಸಮಯ ಬೇಕಾಗಿರುತ್ತದೆ.

*ಆಗಲೇ ಕೆಟ್ಟಿರುವ ಮಾತನ್ನು ಮತ್ತೆ ಎತ್ತುವುದು ಹೇಗೆ?* ಇದನ್ನೇ ಅತಿ ಜಾಸ್ತಿ ಜನ ಕೇಳುತ್ತಾರೆ. ನಿಮ್ಮ ವಾದದಿಂದ ಶುರು ಮಾಡಬೇಡಿ, ಸಮಜಾಯಿಷಿಯಿಂದಲೂ ಬೇಡ. ನಾಲ್ಕನೇ ಹಂತದಿಂದ ಶುರು ಮಾಡಿ. ‘ಅಣ್ಣ, ಮೊನ್ನೆ ನೀನು ಹೇಳಿದ್ದನ್ನು ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅಮ್ಮ ಬಿದ್ದರೆ ಅನ್ನೋ ಭಯದ ಬಗ್ಗೆ ಏನೋ ಹೇಳ್ತಿದ್ದೆ. ಅದನ್ನು ಇನ್ನೊಂದು ಸಲ ಹೇಳ್ತೀಯಾ?’ ಇಷ್ಟು ಹೇಳಿ ಸುಮ್ಮನೆ ಕೂರಿ. ಅವರು ತಕ್ಷಣ ಮಾತಾಡದಿದ್ದರೂ ಪರವಾಗಿಲ್ಲ, ಮೂರಕ್ಕಿಂತ ಜಾಸ್ತಿ ಎಣಿಸಿ.